ಹದಿನಾಲ್ಕು ಕಿಲೋ ಮುನ್ನೂರು

ಉಪ್ಪಳ ಸ್ಟೇಷನ್ನಿನ ಹಿಂದೆ, ಐಸ್ ಫ್ಯಾಕ್ಟರಿಯ ಮಗ್ಗುಲಲ್ಲಿ
ಅಂದುಂಞಿಚ್ಚನ ಗುಜರಿ.
ಸತ್ತ ಫ್ಯಾನು, ಬಾಯ್ದೆರೆದ ಫ್ರಿಜ್ಜು,
ಮೂರು ಭಾಷೆಯ ಪೇಪರು ಒಂದೇ ಹಗ್ಗದಲ್ಲಿ.
ಕನ್ನಡಕ್ಕೂ ಮಲಯಾಳಕ್ಕೂ ಇಲ್ಲಿ ಕಿಲೋಗೆ ಹನ್ನೊಂದೇ.

ರಿಕ್ಷಾದಿಂದ ಲೆಡ್ಜರುಗಳನ್ನು ಇಳಿಸಿದೆ.
ಮುಳುಗಿದ ಸಹಕಾರ ಸಂಘದ ಹತ್ತು ವರ್ಷ,
ಕೋರ್ಟಿಗೂ ಬೇಡವಾದ ನಕಲು ಪ್ರತಿ,
ಗೆದ್ದಲು ರುಚಿ ನೋಡಿ ಬಿಟ್ಟ ಅಂಚು.

ಕನ್ನಡಕ ಹಣೆಗೇರಿಸಿ ಆತ ಒಂದನ್ನು ತೆರೆದ.
ಅಕ್ಷರ ಓದುವವನ ಬೆರಳು ಬೇರೆ, ಅಂಕಿ ಓದುವವನದು ಬೇರೆ;
ಇವನದು ಕೆಳಗಿಂದ ಮೇಲಕ್ಕೆ ಹೋಯಿತು,
ಮೊತ್ತದಿಂದ ಮೂಲಕ್ಕೆ.

"ಹದಿನೇಳು ವರ್ಷ ನಾನು ತೂಕದವನು, ಮೇಡಂ,
ಕಡಲಾಚೆ, ಒಂದು ಬಂದರಿನ ಹಿಟ್ಟಿನ ಗಿರಣಿಯಲ್ಲಿ.
ಆ ದೇಶದ ಹೆಸರು ಹೇಳುವುದಿಲ್ಲ,
ಸತ್ತವರ ಹೆಸರು ಅಂಗಡಿಯಲ್ಲಿ ಎತ್ತಬಾರದು ಅಂತಿದ್ದಳು ಉಮ್ಮ.

ಮೊದಲು ಹಡಗಿನಲ್ಲಿ ಒಂದು ಪದ ಬಂತು. ಸುಧಾರಣೆ.
ಒಳ್ಳೆಯ ಪದವೇ, ಆಗಷ್ಟೇ ಕ್ಷೌರ ಮಾಡಿಸಿಕೊಂಡ ಹಾಗಿತ್ತು.
ಸರಕಾರಕ್ಕೆ ಗಿರಣಿ ಯಾಕೆ ಅಂದರು. ನಮಗೂ ಹೌದನ್ನಿಸಿತು:
ಯಂತ್ರ ತುಕ್ಕು, ಮ್ಯಾನೇಜರ್ ಕಳ್ಳ, ನಾನೂ ದಿನಕ್ಕೆ
ಅರ್ಧ ಕಿಲೋ ಹಿಟ್ಟು ಕಿಸೆಯಲ್ಲಿ ತರುವವನೇ.
ಮಾರಿದರು. ಕೊಂಡವನು ಮಂತ್ರಿಯ ಭಾವ.
ದುಡ್ಡು ಕೊಟ್ಟದ್ದು ಬ್ಯಾಂಕು. ಬ್ಯಾಂಕು ಆ ಭಾವನ ಭಾವನದು.
ಇಡೀ ಗಿರಣಿಯನ್ನು ಕಬ್ಬಿಣದ ಲೆಕ್ಕದಲ್ಲಿ ತೂಗಿದ್ದು
ಇದೇ ಕೈ. ಚೀಟಿ ಬರೆದುಕೊಟ್ಟೆ."

ಗೂಡ್ಸ್ ಗಾಡಿ ಹೋಯಿತು. ಅವನು ಕಾದ.
ಐವತ್ತೆಂಟು ಡಬ್ಬಿ. ನಾನು ಎಣಿಸಿದೆ, ಹಳೆ ರೋಗ.

"ಕೊನೆಕೊನೆಗೆ ಕ್ಯೂವಿನ ಬಾಲಕ್ಕೊಂದು ರೇಟು, ತಲೆಗೊಂದು.
ನೋಟು ಎಣಿಸುವುದನ್ನೇ ಬಿಟ್ಟರು,
ನನ್ನ ತಕ್ಕಡಿ ಕೇಳಿಕೊಂಡು ಬಂದರು.
ಒಂದು ತಟ್ಟೆಯಲ್ಲಿ ರೊಟ್ಟಿ, ಒಂದರಲ್ಲಿ ಅಧ್ಯಕ್ಷರ ಮುಖದ ಕಟ್ಟು.
ರೊಟ್ಟಿ ಇಳಿಯಿತು. ಅವರು ಮೇಲೆ, ನಗುತ್ತಲೇ.
ಪೊಲೀಸರಿಗೆ ಸಂಬಳವಿಲ್ಲ, ಆಮೇಲೆ ಪೊಲೀಸರೇ ಇಲ್ಲ.
ಬಾವುಟ ಮಾತ್ರ ದಿನಾ ಬೆಳಿಗ್ಗೆ ಏರುತ್ತಿತ್ತು;
ಏರಿಸುವವನಿಗೆ ನಿಲ್ಲಿಸು ಅನ್ನಲು
ಯಾರೂ ಉಳಿದಿರಲಿಲ್ಲ."

ಅದು ದೇಶ, ನಮ್ಮದೊಂದು ಚಿಕ್ಕ ಸಂಘ, ಅಂದೆ.
"ಹತ್ತಿರದಿಂದ ದೇಶವೂ ಹೀಗೇ ಕಾಣುವುದು," ಎಂದ,
"ಒಂದು ಮೇಜು, ಒಂದು ಸೀಲು, ಊಟಕ್ಕೆ ಹೊರಟ ಒಬ್ಬ."

ಬೆರಳು ನಿಂತಿತ್ತು. ಪುಟ ಇನ್ನೂರ ಆರು.
ಇಲ್ಲದ ಜಾಗದ ಮೇಲೆ ಇಲ್ಲದವನು ಪಡೆದ ಸಾಲ.
ಕೆಳಗೆ ಹಸಿರು ಶಾಯಿ: ಪರಿಶೀಲಿಸಿದೆ, ಸರಿಯಿದೆ.
ನನ್ನ ರುಜು.
ಅಂದು ನನಗೆ ಐದೂಕಾಲರ ಬಸ್ಸಿತ್ತು.
ಕಾರ್ಯದರ್ಶಿ ಸಜ್ಜಿಗೆ ಬಜಿಲ್ ತರಿಸಿದ್ದರು,
ಲಂಚ ಎನ್ನುವಷ್ಟು ದೊಡ್ಡದೇನಲ್ಲ.
"ಹೊಸ ಪದ್ಧತಿ, ಮೇಡಂ, ಈಗ ಎಲ್ಲ ಸರಳ" ಅಂದಿದ್ದರು,
ಮೂರು ಕಡತದ ಜಾಗದಲ್ಲಿ ಒಂದೇ ಹಾಳೆ.

ಅದೇ ಪುಸ್ತಕದಲ್ಲಿ ಬೀಡಿ ಕಟ್ಟುವ ಜಲಜಾಕ್ಷಿ, ವಾರಕ್ಕೆ ನಲವತ್ತು.
ಹೊಸಬೆಟ್ಟಿನ ಮೊಂತಿನ್ ಬಾಯಿ, ಮಗಳ ಕಿವಿಯೋಲೆಗೆಂದು.
ಮುಚ್ಚಿದ ಶಟರಿನ ಮುಂದೆ ಮೂರು ದಿನ ಕೂತಿದ್ದರು,
ಬಿಸಿಲಿಗೆ ಪಾಸ್‌ಬುಕ್ಕು ತಲೆಯ ಮೇಲಿಟ್ಟು.
ನಾನು ಎದುರಿನ ಮೆಡಿಕಲ್‌ನಲ್ಲಿ ನಿಂತು ನೋಡಿದ್ದೆ,
ಕೊಳ್ಳಲು ಏನೂ ಇರಲಿಲ್ಲ.

ಅಂದುಂಞಿಚ್ಚ ಆ ಹಾಳೆಯನ್ನು ಹರಿದ,
ನಾಜೂಕಾಗಿ, ಹೊಲಿಗೆಯ ಗುಂಟ.
"ಇದು ನೀವೇ ಇಟ್ಟುಕೊಳ್ಳಿ. ಇದಕ್ಕೆ ನನ್ನಲ್ಲಿ ರೇಟಿಲ್ಲ."
ಉಳಿದದ್ದು ತಕ್ಕಡಿಗೆ: ಹದಿನಾಲ್ಕು ಕಿಲೋ ಮುನ್ನೂರು.
ಅವನು ಹಗ್ಗ ಹುಡುಕುವಷ್ಟರಲ್ಲಿ
ಹಾಳೆಯನ್ನು ಮತ್ತೆ ಮೇಲಿಟ್ಟು ನೋಡಿದೆ.
ಮುಳ್ಳು ಅಲುಗಲಿಲ್ಲ.

ನೂರ ಐವತ್ತೇಳು ಕೊಟ್ಟ.
ಮೂವತ್ತು ಪೈಸೆ ಈಗೆಲ್ಲಿ ಸಿಗುತ್ತದೆ, ಎಂದ.
ಎರಡು ಸಲ ಎಣಿಸಿದೆ.
ಸರಿಯಿದೆ ಅನ್ನಲು ಬಾಯಿ ತೆರೆದು
ಸುಮ್ಮನೆ ರಿಕ್ಷಾ ಹತ್ತಿದೆ.